ಒಂಬತ್ತನೆಯ ಪ್ರಶ್ನೆ
(ವಾಳಪೈಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಚೋರ್ಲಾ ಘಾಟಿಯನ್ನಿಳಿದು ಅನ್ನವನ್ನರಸಿ ವಾಳಪೈಗೆ ಬಂದ ನಾವು ಕೊಂಕಣಿಯನ್ನು ಸಂತೆಯ ಮಟ್ಟಿಗೆ ಕಲಿತೆವು. ಬೆಲೆ ಕೇಳಲು, ಕೂಲಿ ಎಣಿಸಲು ಅದು ಸಾಕು. ಮನಸ್ಸಿನ ಭಾರವನ್ನು ಹೇಳಿಕೊಳ್ಳಲು ಸಾಲದು. ಶತಮಾನೋತ್ಸವದ ಈ ವೇದಿಕೆಯಲ್ಲಿ ನಾವು ಅರಿಕೆ ಮಾಡಿಕೊಳ್ಳುವುದು ಇದನ್ನೇ.

ಕೆಲವು ವರ್ಷಗಳ ಹಿಂದೆ ನಮ್ಮ ಕೇರಿಯ ತಾಯಿಯೊಬ್ಬರು ನಿದ್ರೆ ಬಾರದೆಂದು, ಜೀವಕ್ಕೆ ಬೇಸರವೆಂದು ಆಸ್ಪತ್ರೆಯೊಂದರ ಮನೋವೈದ್ಯಕೀಯ ಹೊರರೋಗಿ ವಿಭಾಗಕ್ಕೆ ಹೋದರು. ಜೊತೆಗಿದ್ದವಳು ಏಳನೆಯ ತರಗತಿಯ ಮಗಳು. ದಾದಿ ಕೊಂಕಣಿಯಲ್ಲಿ ಕೇಳಿದ ಪ್ರಶ್ನೆಗಳನ್ನು ಅವಳೇ ಕನ್ನಡದಲ್ಲಿ ಹೇಳಬೇಕಾಯಿತು. ‘ಸತ್ತರೆ ಒಳ್ಳೆಯದೆಂದು ಅನ್ನಿಸುತ್ತದೆಯೇ?’ ಎಂಬ ಕೊನೆಯ ಪ್ರಶ್ನೆಗೆ ಹುಡುಗಿ ತಡವರಿಸಿದಳು. ತಾಯಿ ಮಗಳ ಮುಖ ನೋಡಿ ‘ಇಲ್ಲ’ ಎಂದರು. ಆ ‘ಇಲ್ಲ’ ನಿಜವಾಗಿರಲಿಲ್ಲವೆಂದು ತಿಂಗಳುಗಳ ಬಳಿಕ ನಮ್ಮ ಹೆಂಗಸರೊಡನೆ ಹೇಳಿಕೊಂಡರು. ಮತ್ತೆ ಚಿಕಿತ್ಸೆ ಪಡೆದು ಈಗ ಚೇತರಿಸಿಕೊಂಡಿದ್ದಾರೆ.

ಖಿನ್ನತೆಯನ್ನು ಅಳೆಯುವ ಈ ಪ್ರಶ್ನಾವಳಿಯ ಹೆಸರು ಪಿಎಚ್‌ಕ್ಯೂ-9. ಕಳೆದ ಎರಡು ವಾರಗಳನ್ನು ಕುರಿತು 9 ಪ್ರಶ್ನೆಗಳು, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. ಅಂಕ 10 ಅಥವಾ ಹೆಚ್ಚಾದರೆ ವೈದ್ಯರು ವಿವರವಾಗಿ ವಿಚಾರಿಸಬೇಕು. ಆತಂಕಕ್ಕೆ 7 ಪ್ರಶ್ನೆಗಳ ಜಿಎಡಿ-7 ಇದೆ. ಅಂಕದಿಂದಲೇ ರೋಗ ನಿರ್ಣಯವಾಗದು. ಆದರೆ ಪ್ರತಿ ಭೇಟಿಯಲ್ಲೂ ರಕ್ತದೊತ್ತಡದಂತೆ ಅಳೆದು ಬರೆದಿಟ್ಟರೆ ಔಷಧಿ ಹಿಡಿಯುತ್ತಿದೆಯೇ ಎಂಬುದು ತಿಳಿಯುತ್ತದೆ. ಒಂಬತ್ತನೆಯ ಪ್ರಶ್ನೆಗೆ ‘ಹೌದು’ ಎಂದವರನ್ನಂತೂ, ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ವೈದ್ಯರು ಮಾತನಾಡಿಸಬೇಕು.

ಇದು ಗೋವೆಗೆ ಹೊಸದೇನಲ್ಲ. ಇಲ್ಲಿಯ 24 ಚಿಕಿತ್ಸಾಲಯಗಳಲ್ಲಿ ನಡೆದ ‘ಮಾನಸ್’ ಅಧ್ಯಯನ 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಂದವರನ್ನೆಲ್ಲ ಪ್ರಶ್ನಾವಳಿಯಿಂದ ಪರೀಕ್ಷಿಸಿ, ತರಬೇತಿ ಪಡೆದ ಸಾಮಾನ್ಯ ಜನರೇ ಆಪ್ತಸಲಹೆ ನೀಡಿದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಚೇತರಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ತರಬೇತಿಯುಳ್ಳ ನೆರೆಹೊರೆಯವರೂ ಈ ಕೆಲಸಕ್ಕೆ ನೆರವಾಗಬಲ್ಲರೆಂದು ನಾವು ಅದರಿಂದ ತಿಳಿದೆವು.

ನಮ್ಮ ಬಿನ್ನಹ ಮೂರು. ಕನ್ನಡದಲ್ಲಿ ಲಭ್ಯವಿರುವ ಪ್ರಶ್ನಾವಳಿಯನ್ನು ಆಸ್ಪತ್ರೆಗಳು ಇಟ್ಟುಕೊಳ್ಳಲಿ. ಓದಬಲ್ಲವರು ತಾವೇ ಗುರುತು ಹಾಕಲಿ. ಓದಲಾರದವರಿಗೆ ತರಬೇತಿ ಪಡೆದ ಹಿರಿಯರು ಏಕಾಂತದಲ್ಲಿ ಓದಿ ಹೇಳಲಿ. ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡದಿರಲಿ. ಎರಡೂ ಭಾಷೆ ಬಲ್ಲ ಹಳೆಯ ವಿದ್ಯಾರ್ಥಿಗಳು ಈ ಸೇವೆಗೆ ಮುಂದೆ ಬರಬೇಕು. ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ 14416 ಸಂಖ್ಯೆಯ ‘ಟೆಲಿ ಮಾನಸ್’ ಹಗಲಿರುಳೂ ಉಚಿತವಾಗಿದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗಿ ಇನ್ನು ಮುಂದೆಯೂ ತಾಯಿಯ ಜೊತೆಗೆ ಹೋಗಲಿ. ಹೊರಗಿನ ಬೆಂಚಿನ ಮೇಲೆ ಕುಳಿತು ತನ್ನ ಪಾಠ ಓದಿಕೊಳ್ಳಲಿ. ಒಂಬತ್ತನೆಯ ಪ್ರಶ್ನೆಯನ್ನು ಕೇಳುವ ಹೊಣೆ ನಮ್ಮದಾಗಲಿ.