ಕಿಟಕಿಯ ಮಸಿ ಹೇಳುವ ಲೆಕ್ಕ



ಧಾರವಾಡದಿಂದ ದೆಹಲಿಗೆ ಬಂದ ನನ್ನ ಅಮ್ಮ ದಿನಾ ಕಿಟಕಿಯ ಕಟ್ಟೆಯನ್ನು ಬಿಳಿ ಬಟ್ಟೆಯಿಂದ ಒರೆಸುತ್ತಾರೆ. "ಊರಾಗ ಕೆಂಪು ಧೂಳು, ಇಲ್ಲಿ ಬರೇ ಮಸಿ" ಎಂದು ಗೊಣಗುತ್ತಾರೆ. ನಿಮ್ಮ ಮನೆಯಲ್ಲೂ ಇದೇ ಕಥೆಯಲ್ಲವೆ?

ವಿಜ್ಞಾನಿಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ! ಕಳೆದ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಗಾಳಿಯನ್ನು ಬಿಳಿ ಕಾಗದದ ಮೂಲಕ ಎಳೆದು, ಅದು ಎಷ್ಟು ಕಪ್ಪಾಯಿತೆಂದು ನೋಡಿ ಹೊಗೆಯನ್ನು ಅಳೆಯುತ್ತಿದ್ದರು. 1952ರ ಡಿಸೆಂಬರಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಲಂಡನ್ ಹೊಗೆಮಂಜಿನ ಲೆಕ್ಕ ಸಿಕ್ಕಿದ್ದೂ ಹೀಗೆಯೇ.

ಇಂದು ಈ ಕೆಲಸಕ್ಕೆ ಈಥಲೋಮೀಟರ್ ಎಂಬ ಯಂತ್ರವಿದೆ. ಅದರೊಳಗಿನ ಪಂಪು ಹೊರಗಿನ ಗಾಳಿಯನ್ನು ಬಿಳಿ ಪಟ್ಟಿಯೊಂದರ ಮೂಲಕ ಎಳೆಯುತ್ತದೆ. ಮಸಿ ಪಟ್ಟಿಯ ಮೇಲೆ ಕೂರುತ್ತದೆ. ಮೇಲಿನಿಂದ ಬೆಳಕು ಹಾಯಿಸಿದರೆ, ಮಸಿ ಹೆಚ್ಚಿದಂತೆ ಆಚೆ ಬರುವ ಬೆಳಕು ಕಡಿಮೆಯಾಗುತ್ತದೆ. ಎಷ್ಟು ಬೇಗ ಕಡಿಮೆಯಾಯಿತು, ಎಷ್ಟು ಗಾಳಿ ಹಾದುಹೋಯಿತು ಎಂಬುದರಿಂದ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಕಪ್ಪು ಇಂಗಾಲವಿದೆ ಎಂದು ತಿಳಿಯುತ್ತದೆ. ಪಟ್ಟಿ ತೀರಾ ಕಪ್ಪಾದರೆ ತಾನೇ ಮುಂದಕ್ಕೆ ಸರಿದು ಹೊಸ ಜಾಗ ಒಡ್ಡುತ್ತದೆ.

ಹಾಗಾದರೆ ನಾವು ಮೊಬೈಲಿನಲ್ಲಿ ನೋಡುವ ಅಂಕಿ? 2015ರಲ್ಲಿ ಬಂದ ನಮ್ಮ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಎಂಟು ಮಾಲಿನ್ಯಕಾರಕಗಳಿವೆ. ಕಪ್ಪು ಇಂಗಾಲಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಪಿಎಂ 2.5 ಎಂಬ ಲೆಕ್ಕದಲ್ಲಿ ಮಣ್ಣಿನ ಧೂಳು, ಸಲ್ಫೇಟು, ಮಸಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಮಸಿ ಹುಟ್ಟುವುದು ಡೀಸೆಲ್, ಕಟ್ಟಿಗೆ, ಕಸ ಸುಡುವುದರಿಂದ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

ಇನ್ನೊಂದು ಮಾತು. ಈ ಮಸಿ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ನಗರಗಳಲ್ಲಿ ಸಾಮಾನ್ಯವಾಗಿ ಬೆಳಗಿನ ವಾಹನ ದಟ್ಟಣೆಯ ಹೊತ್ತಿಗೆ ಏರುತ್ತದೆ, ಬಿಸಿಲೇರಿ ಗಾಳಿ ಮೇಲಕ್ಕೆ ಹರಡಿದಾಗ ಇಳಿಯುತ್ತದೆ, ಸಂಜೆಯಾದ ಮೇಲೆ ಮತ್ತೆ ಏರುತ್ತದೆ.

ಇದು ಗೊತ್ತಾದಾಗ ನನಗೆ ಚುರುಕ್ಕೆಂದಿತು. ಉಬ್ಬಸವಿರುವ ಅಮ್ಮನನ್ನು ಚಳಿಗಾಲದುದ್ದಕ್ಕೂ ಬೆಳಿಗ್ಗೆ ಎಂಟಕ್ಕೆ ದೊಡ್ಡ ರಸ್ತೆಯ ಬದಿಯಲ್ಲಿ ವಾಕಿಂಗಿಗೆ ಕಳಿಸುತ್ತಿದ್ದವಳು ನಾನೇ. "ಬೆಳಗಿನ ಗಾಳಿ ಒಳ್ಳೆಯದು" ಅಂದವಳೂ ನಾನೇ. ಈಗ ಅವರು ಮಧ್ಯಾಹ್ನ ಮೂರಕ್ಕೆ, ಒಳಗಿನ ಓಣಿಗಳಲ್ಲಿ ನಡೆಯುತ್ತಾರೆ. ಉಬ್ಬಸ ಹೋಗಿಲ್ಲ. ಉಸಿರಿಗೆ ಹೋಗುವ ಮಸಿಯಾದರೂ ಕಡಿಮೆಯಾಗಲಿ ಎಂಬ ಆಸೆ.

ನೀವೂ ನಾಳೆ ಕಿಟಕಿ ಒರೆಸಿದ ಬಟ್ಟೆಯನ್ನು ಒಮ್ಮೆ ನೋಡಿ. ಆಮೇಲೆ ಮನೆಯ ಹಿರಿಯರ, ಮಕ್ಕಳ ತಿರುಗಾಟದ ಹೊತ್ತನ್ನು ನಿರ್ಧರಿಸಿ.