ತಿರುವು ಊರಿಗೆ ಗೊತ್ತು, ದಾಖಲೆಗೆ ಗೊತ್ತಿಲ್ಲ

ನಾನು ಹಿಪ್ಪರಗಿಯವ. ನಮ್ಮೂರು ಅಂದ್ರೆ ಹೊರಗಿನವರಿಗೆ ಕೃಷ್ಣಾ ನದಿಯ ಬ್ಯಾರೇಜ್ ನೆನಪಾಗ್ತದ. ನಮಗೆ ಚಳಿಗಾಲ ಬಂತಂದ್ರ ಕಬ್ಬಿನ ಟ್ರ್ಯಾಕ್ಟರ್ ನೆನಪಾಗ್ತಾವ.

ಮೂರು ವರ್ಷದ ಹಿಂದೆ, ಹಂಗಾಮಿನ ಒಂದು ರಾತ್ರಿ, ತಮ್ಮನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಬನಹಟ್ಟಿಯಿಂದ ಬರ್ತಿದ್ದೆ. ತಿರುವಿನಲ್ಲಿ ಎದುರಿಗೆ ಲಾರಿ, ಕಣ್ಣು ಕುಕ್ಕೋ ಲೈಟು. ಅದು ದಾಟಿದ ಮೇಲೆ ನೋಡ್ತೀನಿ, ಮುಂದೆ ಪಂಕ್ಚರ್ ಆಗಿ ನಿಂತ ಟ್ರೇಲರ್. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಗಾಲಿಗೆ ಕಲ್ಲು ಕೊಟ್ಟಿದ್ರು ಅಷ್ಟೇ. ಬ್ರೇಕ್ ಹಾಕಿದೆ, ಬೈಕ್ ಜಾರಿತು. ತಮ್ಮನ ಕಾಲು ಮುರಿಯಿತು.

ಟ್ರ್ಯಾಕ್ಟರ್‌ನವರು ಒಳ್ಳೆಯವರೇ. ಆಸ್ಪತ್ರೆ ಖರ್ಚು ಕೊಟ್ಟರು, ಹಿರಿಯರು ಕೂತು ಬಗೆಹರಿಸಿದರು. ಕೇಸ್ ಆಗಲಿಲ್ಲ. ನಾನೂ ಬೇಡ ಅಂದೆ. ಮುಂದಿನ ತಿಂಗಳು ಅದೇ ತಿರುವಿನಲ್ಲಿ ಇನ್ನೊಬ್ಬರು ಬಿದ್ದರು. ಅದೂ ಹಂಗ ಬಗೆಹರೀತು.

ನನ್ನ ತಪ್ಪು ಆಮೇಲೆ ತಿಳೀತು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಜಾಗದಲ್ಲಿ, 3 ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆದರೆ ಅದು ಬ್ಲ್ಯಾಕ್ ಸ್ಪಾಟ್. ಆ ಲೆಕ್ಕ ಹುಟ್ಟೋದು ಪೊಲೀಸ್ ದಾಖಲೆಯಿಂದ. ನಮ್ಮಂಥ ಊರ ರಸ್ತೆಗೂ ಅಷ್ಟೇ: ಕಟ್ಟೆ ಮೇಲೆ ಬಗೆಹರಿದ ಅಪಘಾತ ಎಂಜಿನಿಯರ್‌ನ ನಕ್ಷೆಗೆ ಬರೋದೇ ಇಲ್ಲ. 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆಯಲ್ಲಿ ಸತ್ತರು, ಕರ್ನಾಟಕದಲ್ಲೇ 11,702. ಸತ್ತವರು ಲೆಕ್ಕಕ್ಕೆ ಬಂದರು. ಅದಕ್ಕೂ ಮೊದಲು ಅದೇ ಜಾಗದಲ್ಲಿ ಬಿದ್ದು ಎದ್ದವರು ಎಷ್ಟೋ ಜನ ಬರಲಿಲ್ಲ.

ಹಂಗಾದ್ರ ಏನು ಮಾಡೋದು? ರಾಜಿ ಆದರೂ ಆಗಲಿ, ಠಾಣೆಗೆ ಮಾತ್ರ ತಿಳಿಸಿ. ಜಾಗ, ದಿನ, ಹೊತ್ತು ಬರೆದಿಟ್ಟು ಗ್ರಾಮ ಪಂಚಾಯಿತಿಗೂ ಲೋಕೋಪಯೋಗಿ ಇಲಾಖೆಗೂ ಅರ್ಜಿ ಕೊಡಿ. ಗಾಯಾಳುವನ್ನು ಮುಟ್ಟಾಕ ಅಂಜಬೇಡಿ, 108ಕ್ಕೆ ಫೋನ್ ಮಾಡಿ. 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡ್ತದ, ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ.

ಟ್ರ್ಯಾಕ್ಟರ್ ಇರೋ ಅಣ್ಣಂದಿರಿಗೆ ಒಂದು ಮಾತು. ಟ್ರೇಲರ್ ಹಿಂದೆ ಹೊಳೆಯೋ ಪಟ್ಟಿ ಹಚ್ಚಿ. ಕಬ್ಬಿನ ಗರಿ ಅದನ್ನ ಮುಚ್ಚದಂಗ ನೋಡಿಕೊಳ್ಳಿ. ಹೊರಡುವಾಗ ಗಾಲಿಗೆ ಕೊಟ್ಟ ಕಲ್ಲು ತೆಗೆದು ಬದಿಗೆ ಹಾಕಿ.

ನನ್ನ ತಮ್ಮ ಈಗ ನಡೀತಾನ, ಸ್ವಲ್ಪ ಕುಂಟ್ತಾನ. ಹೋದ ವಾರ ನಾನು ಆ ತಿರುವಿನ ಅರ್ಜಿ ಬರೆದೆ. ಮೊದಲ ಸಹಿ ಅವನದೇ.