ತಂಡದ ಅಳತೆ ಯಾರ ಕೈಯಲ್ಲಿರಬೇಕು?

ಆನ್‌ಲೈನ್ ಆಟಗಳ ಬಗ್ಗೆ ಗಂಭೀರವಾಗಿ ಮಾತಾಡಲು ಚಿತ್ರದುರ್ಗದಲ್ಲಿ ಇಷ್ಟು ಜನ ಸೇರಿರುವುದು ನನಗೆ ನಿಜವಾದ ಸಂತೋಷ. ಶಿಕ್ಷಣ ಮನೋವಿಜ್ಞಾನ ಪಾಠ ಮಾಡಿಕೊಂಡು ಬಂದ ನನ್ನನ್ನು ಆಶಯ ಭಾಷಣಕ್ಕೆ ಕರೆದ ಸಂಘಟಕರಿಗೆ ಋಣಿಯಾಗಿದ್ದೇನೆ.

ಅವರು ನನ್ನ ಮುಂದಿಟ್ಟ ಪ್ರಶ್ನೆ ಇದು: ಹಲವರು ಕೂಡಿ ಆಡುವ ಆನ್‌ಲೈನ್ ಆಟಗಳು ತಂಡದ ಸಾಧನೆಯನ್ನು ಅಳೆದು ತೋರಿಸುವ ಸಾಧನಗಳನ್ನು ಕೊಡಬೇಕೇ? ಕೊಡಬೇಕು ಎಂಬುದು ನನ್ನ ಉತ್ತರ. ಆದರೆ ಈಗ ಇರುವ ರೀತಿಯಲ್ಲಿ ಬೇಡ. ತಂಡವನ್ನು ಅಳೆಯುವ ವಿಷಯದಲ್ಲಿ ನಮ್ಮ ಶಾಸ್ತ್ರ ಬಹಳ ಹಿಂದೆಯೇ ದಾರಿ ತಪ್ಪಿತು ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆ ತಪ್ಪು ಈ ಆಟಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಈವರೆಗಿನ ಅಧ್ಯಯನಗಳ ಪಟ್ಟಿ ಓದಲು ಹೋಗುವುದಿಲ್ಲ. ಹಣದ ಆಟಗಳನ್ನು ತಡೆಯಲು ತಂದ 2021ರ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆ, ಅದರ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದ್ದು, ಹಣದ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟ 2025ರ ಕೇಂದ್ರ ಕಾಯ್ದೆ, ಇವನ್ನೆಲ್ಲ ಮುಂದಿನ ಸಾಲಿನಲ್ಲಿರುವ ಕಾನೂನಿನ ಗೆಳೆಯರು ಮಧ್ಯಾಹ್ನ ಬಿಡಿಸಿ ಹೇಳುತ್ತಾರೆ. ಗೀಳಿನ ವಿಷಯವನ್ನು ಅವರ ಪಕ್ಕದಲ್ಲಿರುವ ವೈದ್ಯರು ನನಗಿಂತ ಚೆನ್ನಾಗಿ ಬಲ್ಲರು. ಒಂದು ಚರ್ಚೆ ಹಣದ್ದು, ಇನ್ನೊಂದು ಹೊತ್ತಿನದು. ಆಟದೊಳಗೆ ಮಕ್ಕಳು ಒಬ್ಬರನ್ನೊಬ್ಬರು ಹೇಗೆ ತೂಗುತ್ತಾರೆ ಎಂಬ ಮೂರನೆಯ ಚರ್ಚೆ ಇನ್ನೂ ಶುರುವಾಗಿಲ್ಲ.

ನಮ್ಮ ಶಾಸ್ತ್ರ ದಾರಿ ತಪ್ಪಿದ್ದು ಒಂದು ಹಗ್ಗದ ಬಳಿ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಫಲಿತಾಂಶ ನಿಮಗೆ ಗೊತ್ತಿದೆ: ಹಗ್ಗ ಎಳೆಯುವವರು ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ಕುಗ್ಗುತ್ತದೆ. 1979ರಲ್ಲಿ ಮನೋವಿಜ್ಞಾನಿಗಳಾದ ಲತಾನೆ, ವಿಲಿಯಮ್ಸ್, ಹಾರ್ಕಿನ್ಸ್ ಅದನ್ನೇ ಚಪ್ಪಾಳೆಯಲ್ಲಿ, ಕೂಗಿನಲ್ಲಿ ತೋರಿಸಿದರು. ಯಾರ ಕೂಗು ಎಷ್ಟೆಂದು ಗುರುತಾಗುವಂತಿದ್ದರೆ ಮೈಗಳ್ಳತನ ಇಳಿಯುತ್ತದೆ ಎಂದು ಅವರ ಮುಂದಿನ ಪ್ರಯೋಗಗಳು ಹೇಳಿದವು. ಪ್ರಯೋಗಗಳ ಬಗ್ಗೆ ನನ್ನ ತಕರಾರಿಲ್ಲ. ಅವುಗಳಿಂದ ನಾವು ಕಲಿತ ಪಾಠದ ಬಗ್ಗೆ ಇದೆ. ಹಗ್ಗ ಎಳೆಯುವಾಗ ಎಲ್ಲರದೂ ಒಂದೇ ಕೆಲಸ, ಒಂದೇ ದಿಕ್ಕು. ಪಾಲುಗಳನ್ನು ಕೂಡಿದರೆ ಮೊತ್ತ ಸಿಗುತ್ತದೆ. ಕೆಲಸಗಳೇ ಬೇರೆಬೇರೆಯಾದ ತಂಡಕ್ಕೂ ನಾವು ಅದೇ ಲೆಕ್ಕ ಹಚ್ಚಿದೆವು.

2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೋಡಿ. ತಂಡ ಕೂಡಿ ಬಾಸ್ ಎಂಬ ದೊಡ್ಡ ಶತ್ರುವನ್ನು ಎದುರಿಸುವ ರೇಡಿನಲ್ಲಿ ಟ್ಯಾಂಕ್ ಆದವನು ಪೆಟ್ಟು ತಿನ್ನುತ್ತಾನೆ, ಹೀಲರ್ ಗಾಯ ಮಾಯಿಸುತ್ತಾನೆ, ಉಳಿದವರು ಹೊಡೆಯುತ್ತಾರೆ. ಯಾರ ಪೆಟ್ಟು ಎಷ್ಟೆಂದು ಎಣಿಸುವ ಡ್ಯಾಮೇಜ್ ಮೀಟರ್ ಎಂಬ ಆಡ್‌ಆನ್‌ಗಳನ್ನು ಆಟಗಾರರೇ ಬರೆದುಕೊಂಡರು. ರೇಡ್ ಬಿದ್ದುಹೋದಾಗ ಯಾರು ಯಾವ ಕ್ಷಣದಲ್ಲಿ ಯಾವ ಪೆಟ್ಟಿಗೆ ಸತ್ತರು, ಬಾಸ್‌ನ ಮಂತ್ರವನ್ನು ತಡೆಯಬೇಕಾದವರು ಎಲ್ಲಿ ತಡಮಾಡಿದರು ಎಂದು ಕೂತು ನೋಡಿ ಕಲಿತರು. ಇದು ಅಪ್ಪಟ ಕಲಿಕೆ. ನಮ್ಮ ಎಷ್ಟೋ ತರಗತಿಗಳಲ್ಲಿ ಇಷ್ಟು ಪ್ರಾಮಾಣಿಕ ವಿಮರ್ಶೆ ನಡೆಯುವುದಿಲ್ಲ. ಆಮೇಲೆ ಅದೇ ಅಂಕಿ ಬಾಗಿಲಲ್ಲಿ ಜರಡಿಯಾಯಿತು. ಅಪರಿಚಿತರು ತಂಡಕ್ಕೆ ಸೇರಿಸಿಕೊಳ್ಳುವ ಮೊದಲೇ ಅಂಕಿ ಕೇಳತೊಡಗಿದರು. ಮೀಟರಿನಲ್ಲಿ ಮೇಲೇರುವ ಆಸೆಗೆ ಮಂತ್ರ ತಡೆಯುವ ಕೆಲಸ ಬಿಟ್ಟು ಬಾಸ್‌ಗೆ ಹೊಡೆಯುತ್ತಲೇ ನಿಂತವರು ಹೆಚ್ಚಿದರು.

ಕಂಪನಿಗಳಲ್ಲೂ ಒಮ್ಮತವಿಲ್ಲ. ಫೈನಲ್ ಫ್ಯಾಂಟಸಿ 14 ಆಟದಲ್ಲಿ ಸ್ಕ್ವೇರ್ ಎನಿಕ್ಸ್ ಇಂಥ ಹೊರಗಿನ ಸಾಧನಗಳನ್ನು ನಿಯಮದಲ್ಲೇ ನಿಷೇಧಿಸಿದೆ. ಜನ ಗುಟ್ಟಾಗಿ ಬಳಸುತ್ತಾರೆ. 2016ರ ಓವರ್‌ವಾಚ್ ಪದಕಗಳನ್ನು ಆಯಾ ಆಟಗಾರನಿಗಷ್ಟೇ ತೋರಿಸುತ್ತಿತ್ತು; 2022ರ ಓವರ್‌ವಾಚ್ 2 ಎಲ್ಲರ ಅಂಕಿಗಳನ್ನೂ ಎಲ್ಲರ ಮುಂದೆ ಹರಡಿತು. ತೋರಿಸಬೇಕೋ ಮುಚ್ಚಿಡಬೇಕೋ ಎಂದಷ್ಟೇ ಎಲ್ಲರೂ ಕೇಳುತ್ತಿದ್ದಾರೆ. ಯಾರಿಗೆ, ಯಾವಾಗ, ಯಾತಕ್ಕೆ ಎಂದು ಕೇಳುವವರು ಕಡಿಮೆ.

ಹೊಳಲ್ಕೆರೆಯ ದೈಹಿಕ ಶಿಕ್ಷಣದ ಗೆಳೆಯರು ತಲೆಯಾಡಿಸುತ್ತಿದ್ದಾರೆ, ಕಬಡ್ಡಿ ನೆನಪಾಗಿರಬೇಕು. ಕಾಲು ಹಿಡಿದವನಿಗೆ ಚಪ್ಪಾಳೆ, ಮೂಲೆಯಲ್ಲಿ ದಾರಿ ಮುಚ್ಚಿ ನಿಂತವನು ಯಾರಿಗೂ ನೆನಪಿಲ್ಲ. ಗೋಷ್ಠಿಯಲ್ಲಿ ಅವರು ಇದನ್ನು ವಿಸ್ತರಿಸಬೇಕೆಂದು ಈಗಲೇ ಕೇಳಿಕೊಳ್ಳುತ್ತೇನೆ.

ನಮ್ಮ ಜಿಲ್ಲೆಯ ಹಾಸ್ಟೆಲೊಂದರಲ್ಲಿ ನಾಲ್ವರು ಹುಡುಗರು ಬಿಜಿಎಂಐ ಎಂಬ ಮೊಬೈಲ್ ಗುಂಡಿನಾಟ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೆ. ಅವರಲ್ಲೊಬ್ಬ ಗುಂಡು ಹಾರಿಸಿದ್ದು ಕಡಿಮೆ. ನಾಕ್ ಆಗಿ ನೆಲಕ್ಕೆ ಬಿದ್ದ ಗೆಳೆಯನ ಬಳಿಗೆ ತೆವಳಿ ಹೋಗಿ ರಿವೈವ್ ಮಾಡಿ ಎಬ್ಬಿಸುವುದು, ‘ಬಲಗಡೆ ಮನೆಯಲ್ಲಿ ಯಾರೋ ಇದ್ದಾರೆ, ಹೋಗಬೇಡ’ ಎಂದು ಮೊದಲೇ ಕೂಗುವುದು, ಇದೇ ಅವನ ಆಟ. ಪಂದ್ಯ ಮುಗಿದು ಪರದೆ ಬಂದಾಗ ಎಲ್ಲರ ಕಣ್ಣು ಹೋದದ್ದು ಫಿನಿಶ್, ಅಂದರೆ ಕೊಂದದ್ದು, ಎಷ್ಟು, ಡ್ಯಾಮೇಜ್ ಎಷ್ಟು ಎಂಬಲ್ಲಿಗೆ. ಕೆಲವು ವಾರಗಳ ಮೇಲೆ ಮತ್ತೆ ಹೋದಾಗ ಆ ಹುಡುಗ ಗೆಳೆಯರನ್ನು ನೆಲದ ಮೇಲೆ ಬಿಟ್ಟು ಫಿನಿಶ್‌ಗಳ ಹಿಂದೆ ಓಡುತ್ತಿದ್ದ. ಅವನ ಅಂಕಿ ಏರಿತ್ತು. ಸ್ಕ್ವಾಡ್ ಮಾತ್ರ ಬೇಗ ಬೇಗ ಸೋಲುತ್ತಿತ್ತು. ಅವನಿಗೆ ಆ ಆಟ ಕಲಿಸಿದ್ದು ಪರದೆ.

ಇದು ಮೊಬೈಲಿನ ಮಾತಷ್ಟೇ ಎಂದುಕೊಳ್ಳಬೇಡಿ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 96.80 ಫಲಿತಾಂಶದೊಂದಿಗೆ ಚಿತ್ರದುರ್ಗ ರಾಜ್ಯಕ್ಕೇ ಮೊದಲು ಬಂತು. ಮರುವರ್ಷ ಶೇ. 72.85, ಇಪ್ಪತ್ತೊಂದನೆಯ ಸ್ಥಾನ. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದಿತ್ತು. ಕೃಪಾಂಕ ಹೆಚ್ಚಿಸಿದ ಮೇಲೂ ಇಡೀ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿದಿತ್ತು. ಒಂದೇ ವರ್ಷದಲ್ಲಿ ನಮ್ಮ ಮಕ್ಕಳ ಬುದ್ಧಿಯಾಗಲಿ ಮೇಷ್ಟರುಗಳ ಶ್ರದ್ಧೆಯಾಗಲಿ ಅಷ್ಟು ಬದಲಾಗಲಾರದು. ಆದರೂ ಒಂದು ವರ್ಷ ಹಾರ, ಮರುವರ್ಷ ತಲೆತಗ್ಗಿಸುವಿಕೆ. ಜಿಲ್ಲೆಯೆಂಬ ತಂಡಕ್ಕೆ ಅಂಕಿ ಸಿಕ್ಕಿತು. ಯಾವ ಹಳ್ಳಿಯ ಯಾವ ಮಗುವಿಗೆ ಗಣಿತದಲ್ಲಿ ಎಲ್ಲಿ ತೊಡಕಾಯಿತು ಎಂಬ, ಕಲಿಕೆಗೆ ಬೇಕಾದ ಸಂಗತಿ ಆ ಅಂಕಿಯಲ್ಲಿ ಇರಲಿಲ್ಲ. ಸ್ಥಾನವೇ ಮುಖ್ಯವಾದಾಗ ಅದನ್ನು ಹುಡುಕುವ ವ್ಯವಧಾನವೂ ಉಳಿಯುವುದಿಲ್ಲ.

ಇಲ್ಲಿಗೆ ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಬರುತ್ತದೆ: ಆಗದೇ ಹೋದ ಕೆಡುಕಿಗೆ ಅಂಕ ಕೊಡುವುದು ಹೇಗೆ? ನಾಳೆ ನೀವೆಲ್ಲ ಕೋಟೆ ಹತ್ತಿ ಓಬವ್ವನ ಕಿಂಡಿ ನೋಡಲಿದ್ದೀರಿ. ಹೈದರಾಲಿಯ ಸೈನಿಕರು ನುಸುಳಿದ ಆ ಹೊತ್ತು ಒನಕೆ ಹಿಡಿದು ನಿಂತವಳನ್ನು ನಾಡು ಮರೆತಿಲ್ಲ, ಮರೆಯಬಾರದು. ಅದೇ ಕೋಟೆಯಲ್ಲಿ ಏನೂ ಆಗದೆ ಬೆಳಗಾದ ರಾತ್ರಿಗಳೂ ಇದ್ದವು. ಅಂಥ ರಾತ್ರಿ ಎಚ್ಚರವಿದ್ದ ಕಾವಲುಗಾರನ ಅಂಕ ಸೊನ್ನೆ. ನಿದ್ದೆ ಹೋದವನ ಅಂಕವೂ ಸೊನ್ನೆ. ಇವರಿಬ್ಬರನ್ನು ಬೇರ್ಪಡಿಸಿ ತೋರಿಸುವ ಮೀಟರ್ ಯಾವುದು? ರಕ್ಷಾಕವಚ ಹೀರಿಕೊಂಡ ಪೆಟ್ಟನ್ನು ಕೆಲವು ಸಾಧನಗಳು ಎಣಿಸುತ್ತವೆ, ನಿಜ. ಆದರೆ ‘ಹೋಗಬೇಡ’ ಎಂಬ ಕೂಗಿನಿಂದ ಬೀಳದೇ ಹೋದ ಗುಂಡನ್ನು ಯಾವ ಸರ್ವರೂ ದಾಖಲಿಸುವುದಿಲ್ಲ. ನನಗೆ ಇದಕ್ಕೆ ಉತ್ತರ ಸಿಕ್ಕಿಲ್ಲ. ಕಂಪ್ಯೂಟರ್ ವಿಜ್ಞಾನದ ಯುವ ಮಿತ್ರರು ಸಿಗುತ್ತದೆ ಎನ್ನುತ್ತಾರೆ; ಅವರ ಪ್ರಬಂಧಕ್ಕೆ ನಾನು ಕಾದಿದ್ದೇನೆ.

ಒಂದು ಸಂಗತಿ ಮಾತ್ರ ಖಚಿತ. ಎಚ್ಚರವಿದ್ದವನು ಯಾರೆಂದು ಜೊತೆ ಕಾವಲಿನವನಿಗೆ ಗೊತ್ತಿರುತ್ತದೆ. ಹೊಸದುರ್ಗದ ಮಿತ್ರರಿಗೆ ಸಾಣೇಹಳ್ಳಿಯ ಶಿವಸಂಚಾರ ಗೊತ್ತು. 1997ರಿಂದ ನಾಟಕ ಹೊತ್ತು ಊರೂರು ತಿರುಗುತ್ತಿರುವ ತಂಡ. ಯಾವುದೇ ರೆಪರ್ಟರಿಯಲ್ಲಿ ಎದುರಿನ ಪಾತ್ರದ ಮಾತು ತಪ್ಪಿದಾಗ ಪ್ರೇಕ್ಷಕರಿಗೆ ತಿಳಿಯದಂತೆ ದೃಶ್ಯ ಉಳಿಸಿದವರು ಯಾರೆಂದು ಜೊತೆ ನಟರಿಗೆ ತಿಳಿದಿರುತ್ತದೆ. ಪ್ರೇಕ್ಷಕರ ಚಪ್ಪಾಳೆ ಅಳೆದರೆ ಅದು ಸಿಗುವುದಿಲ್ಲ.

ಆದ್ದರಿಂದ ನನ್ನ ನಿಲುವು ಹೀಗೆ. ಸಾಧನ ಇರಲಿ, ನಿಷೇಧಿಸಿದರೆ ಅದು ಗುಟ್ಟಾಗಿ ಬಲ್ಲವರ ಕೈಸೇರುತ್ತದೆ, ಹೊಸಬರಿಗೆ ಕಲಿಯುವ ದಾರಿ ಮುಚ್ಚುತ್ತದೆ. ತಂಡದ ಒಟ್ಟು ಚಿತ್ರ ತಂಡದ ಎಲ್ಲರಿಗೂ ಕಾಣಲಿ. ಒಬ್ಬನ ಬಿಡಿ ಅಂಕಿ ಮೊದಲು ಅವನಿಗೆ ಕಾಣಲಿ, ಅವನು ಒಪ್ಪಿದರೆ ಮಾತ್ರ ಜೊತೆಯವರಿಗೆ. ತಂಡದ ಹೊರಗಿನವರಿಗೆ, ಸೇರಿಸಿಕೊಳ್ಳುವ ಮುನ್ನ ತೂಗಿ ನೋಡುವವರಿಗೆ, ಅದು ಸಿಗದಿರಲಿ. ಅಂಕಿಯ ಪಕ್ಕದಲ್ಲೇ ‘ಇವತ್ತು ನಮ್ಮನ್ನು ಉಳಿಸಿದವರು ಯಾರು, ಹೇಗೆ’ ಎಂದು ಜೊತೆಯವರು ಒಂದು ಮಾತು ಬರೆಯುವ ಜಾಗವಿರಲಿ. ಈ ಸಂಕಿರಣದ ಶಿಫಾರಸುಗಳ ಕರಡು ಬರೆಯುವ ಸಮಿತಿ ಈ ನಾಲ್ಕನ್ನೂ ಕೈಗೆತ್ತಿಕೊಳ್ಳಬೇಕೆಂದು, ಹಿಂದಿನ ಸಾಲಿನಲ್ಲಿ ಕುಳಿತ, ನಿಜಕ್ಕೂ ಈ ಆಟಗಳನ್ನು ಆಡುವ ವಿದ್ಯಾರ್ಥಿಗಳಲ್ಲಿ ಇಬ್ಬರನ್ನಾದರೂ ಆ ಸಮಿತಿಗೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಅವರಿಲ್ಲದೆ ನಾವು ಬರೆಯುವ ಯಾವ ಶಿಫಾರಸೂ ಆ ಆಟಕ್ಕೆ ಹೊರಗಿನದಾಗಿಯೇ ಉಳಿಯುತ್ತದೆ.